ಹೆಸರು ಹಿಡಿದು ಕರೆದ ಮೇಲೆ

ನಿವೃತ್ತಿಯಾದ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದರು. ಸೇವೆ, ತ್ಯಾಗ ಎಂದು ಏನೋ ಒದರಿ ಕುಳಿತುಬಿಟ್ಟೆ. ಊಟದ ಹೊತ್ತಾಗಿತ್ತು, ಎಲ್ಲರ ಕಣ್ಣೂ ಹೋಳಿಗೆಯ ಬುಟ್ಟಿಯ ಮೇಲಿತ್ತು. ನಿಜವಾಗಿ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಈಗ ಬೈಲಹೊಂಗಲದ ನಮ್ಮ ಮನೆಯಲ್ಲಿ ಬೆಳಗಿನ ಕೆಲಸ ಮುಗಿಸಿ ಕೂತು ಅದನ್ನು ಬರೆಯುತ್ತಿದ್ದೇನೆ.

ನಾನು ಸರಕಾರದ ಕಾಗದದಲ್ಲಿ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಬಾಯಿ. ಕೆಲಸಕ್ಕೆ ಸೇರಿದಾಗ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು, ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಎರೆಮಣ್ಣಿನ ಕೆಸರು ತುಳಿದವಳು. ಹೆರಿಗೆ ಮಾಡಿಸಿದೆ, ಕೂಸುಗಳ ತೂಕ ನೋಡಿದೆ, ಎರಡು ಮಕ್ಕಳು ಸಾಕು ಎಂದು ಹೇಳಿ ಅತ್ತೆಯರಿಂದ ಬೈಸಿಕೊಂಡೆ. ಆಮೇಲೆ ಬಿ.ಪಿ. ನೋಡುವ ಯಂತ್ರ ಬಂತು, ಸಕ್ಕರೆ ಕಾಯಿಲೆಯ ಗುಳಿಗೆ ಬಂದವು, ಕೂಸುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಮನೆಗಳಿಗೇ ಮುದುಕರನ್ನು ಹುಡುಕಿಕೊಂಡು ಹೋಗತೊಡಗಿದೆ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯೂ ನಮ್ಮ ಪಾಲಿಗೆ ಬಂತು. ಅದಕ್ಕೆ ಅರ್ಧ ದಿನದ ತರಬೇತಿ ಕೊಟ್ಟರು. ಜನ ಅರಳು ಮರಳು ಎಂದು ನಕ್ಕು ಬಿಡುವುದು ರೋಗ, ರೋಗಿ ದಾರಿ ತಪ್ಪುತ್ತಾನೆ, ಕೇಳಿದ್ದನ್ನೇ ಕೇಳುತ್ತಾನೆ, ಬೈಯಬೇಡಿ ಎಂದು ಹೇಳಿಕೊಟ್ಟರು. ಒಳ್ಳೆಯ ತರಬೇತಿಯೇ. ಆದರೆ ರೋಗಿಯ ಮಗ್ಗುಲಲ್ಲಿ ಮಲಗುವವರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನಾವೂ ಕೇಳಲಿಲ್ಲ.

ಅದನ್ನು ನನಗೆ ಮೊದಲು ಕಲಿಸಿದವಳು ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯ ಒಬ್ಬ ತಾಯಿ. ಹೆಸರು ಬರೆಯುವುದಿಲ್ಲ, ಅವಳ ಮಕ್ಕಳು ಸಂತೆಯಲ್ಲಿ ಈಗಲೂ ಎದುರಾಗುತ್ತಾರೆ. ಅವಳಿಗೆ ಎಪ್ಪತ್ತರ ಹತ್ತಿರ, ಗಂಡನಿಗೆ ಅದಕ್ಕೂ ಹೆಚ್ಚು. ಗಂಡನಿಗೆ ಮರೆವು. ನಾನು ಅವನನ್ನು ನೋಡಲು ಹೋದರೆ ಬಿ.ಪಿ. ಏರಿದ್ದು ಹೆಂಡತಿಯದು. ಉಪ್ಪಿನಕಾಯಿ ಜಾಸ್ತಿ ತಿನ್ನುತ್ತೀಯೇನು ಎಂದು ಗದರಿದೆ. ಅವಳು ಸೊಸೆಯನ್ನು ಚಹಾಕ್ಕೆ ಒಳಗೆ ಕಳಿಸಿ, ಬಾಗಿಲು ಮುಂದಕ್ಕೆ ಎಳೆದು, ಗೋಡೆಯ ಕಡೆ ನೋಡುತ್ತ ಮಾತಾಡಿದಳು.

"ಬಾಯಾರ, ಇವರಿಗೆ ಮಾಡಿದ್ದು ನೆನಪ ಇರಂಗಿಲ್ಲ. ಮುಂಜಾನಿ ಒಮ್ಮಿ ಬಾ ಅಂತಾರ, ಉಂಡ ಮ್ಯಾಗ ಮತ್ತ ಬಾ ಅಂತಾರ. ಮೊನ್ನಿ ಮೊನ್ನಿ ಮದಿವಿ ಆಗೇತಿ ಅನ್ನೋ ಹಂಗ ಮಾಡತಾರ. ನನ್ನ ಮೈ ತಾಳವಲ್ದು."

"ಬ್ಯಾಡ ಅನ್ನಬೇಕಿಲ್ಲೋ ಯವ್ವಾ?" ಎಂದೆ.

"ಎಂದೂ ಅಂದಾಕಿ ಅಲ್ಲ. ಹೆಂಗ ಅನ್ನೂದು ಅಂತ ನೀವರ ಕಲಸ್ರಿ."

ಗಂಡ ಹೆಂಡಿರ ಗುಟ್ಟಿನ ವಿಷಯವನ್ನು ಹಾದಿಬೀದಿಯಲ್ಲಿ ಮಾತಾಡಿ ಸಂಬಳ ತಗೊಂಡವಳು ನಾನು. ಇದನ್ನು ಮಾತ್ರ ಯಾರೂ ನನಗೆ ಕಲಿಸಿರಲಿಲ್ಲ. ನನ್ನ ಮೇಲ್ವಿಚಾರಕಿಯನ್ನು ಕೇಳಿದೆ. ಗಟ್ಟಿ ಹೆಂಗಸು, ಬಸುರಿಗೆ ನೋವು ಬಂದರೆ ಎಲ್ಲಿಂದಲಾದರೂ ಗಾಡಿ ಹಿಡಿದು ತರಿಸುತ್ತಿದ್ದಳು. ಇದನ್ನು ಕೇಳಿದ ಕೂಡಲೆ ಮುಖ ಸಿಂಡರಿಸಿದಳು. "ಈ ವಯಸ್ಸಿನಾಗ ಇದೇನ್ರಿ ನಾಚಿಕಿಗೇಡ. ನಮ್ಮ ಕೆಲಸದಾಗ ಇದು ಬರಂಗಿಲ್ಲ, ಬಿಟ್ಟಬಿಡ್ರಿ" ಎಂದಳು. ಬಿಡಲು ಮನಸ್ಸಾಗಲಿಲ್ಲ. ದವಾಖಾನೆಯ ಹೊಸ ಡಾಕ್ಟರು ಕಿವಿ ಕೆಂಪಗೆ ಮಾಡಿಕೊಂಡರೂ ಸರಿಯಾಗಿ ಹೇಳಿದರು: ಮುದುಕನ ಗುಣ ಕೆಟ್ಟಿಲ್ಲ, ಮೆದುಳಿನ ಹಿಡಿತ ಸಡಿಲಾಗಿದೆ, ವಾದ ಬೇಡ, ಕೈ ಹಿಡಿದು ಎಬ್ಬಿಸಿ ಬೇರೆ ಕೆಲಸಕ್ಕೆ ಹಚ್ಚಿ. ಒಂದು ಗುಳಿಗೆಯನ್ನೂ ಬದಲಿಸಿದರು. ಆ ತಾಯಿ ಗಂಡನನ್ನು ಅಂಗಳಕ್ಕೆ ಕರೆದೊಯ್ದು ಶೇಂಗಾ ಸುಲಿಯಲು ಕೂಡ್ರಿಸತೊಡಗಿದಳು. ಕೆಲವು ದಿನ ನಡೆಯಿತು, ಕೆಲವು ದಿನ ನಡೆಯಲಿಲ್ಲ.

ಅಷ್ಟರಲ್ಲಿ ಮಗನಿಗೆ ಹೇಗೋ ಗೊತ್ತಾಗಿ, ನಾಚಿಕೆಯಿಂದಲೋ ಸಿಟ್ಟಿನಿಂದಲೋ ಅಪ್ಪ ಮಲಗುವ ಹೊರಸನ್ನು ಹಿತ್ತಲ ಕೋಣೆಗೆ ಸಾಗಿಸಿದ. ಮುದುಕ ಬಾಗಿಲಿಗೆ ಬಂದು ನಿಂತು, ನಾನು ಏನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಒಳಗೆ ಕೂತ ಹೆಂಡತಿಗೆ ಅದು ಕೇಳುತ್ತಿತ್ತು. ನಾಲ್ಕೈದು ದಿನ ತಡೆದು ಅವಳೇ ಹೊರಸನ್ನು ಎಳೆದುಕೊಂಡು ವಾಪಸ್ ತಂದಳು. "ಬ್ಯಾಡ ಅನ್ನೂದು ಕಲತೇನಿ. ಆದರ ಹಿಂಗ ದನಾ ಕಟ್ಟಿದಂಗ ಕಟ್ಟೂದು ಬ್ಯಾಡ" ಎಂದಳು. ತಂಗಿಯರೇ, ಇಂಥ ಮನೆಗೆ ಹೋದಾಗ ಮಕ್ಕಳ ಮಾತು ಕೇಳಿ ಬರಬೇಡಿ. ಚಹಾ ಬೇಡ ಅನ್ನದೆ, ಸೊಸೆ ಒಳಗೆ ಹೋಗುವ ತನಕ ಕಾಯಿರಿ.

ರಾಮದುರ್ಗದ ಕಡೆ ಇದ್ದಾಗ ಒಬ್ಬ ನಿವೃತ್ತ ಮಾಸ್ತರರು. ಶಾಸ್ತ್ರ ಓದಿದವರ ಮನೆತನ, ಅವರು ಮಾತ್ರ ಸಾಲಿಯಲ್ಲಿ ಗಣಿತ ಕಲಿಸಿದವರು. ಮರೆವು ಅವರ ಹೆಂಡತಿ ಸುಮತಿಬಾಯಿಗೆ. ಸ್ನಾನ, ಸೀರೆ ಎಲ್ಲ ಮಾಸ್ತರರೇ ನೋಡಿಕೊಳ್ಳುತ್ತಿದ್ದರು. ಒಂದು ದಿನ ಸೀರೆ ಬದಲಿಸಲು ಹೋದಾಗ ಆಕೆ ಪರಗಂಡಸು ಮೈ ಮುಟ್ಟಿದ ಎಂದು ಚೀರಿದರು. ಓಣಿಯವರು ಓಡಿ ಬಂದರು. ಯಾರೋ ಆಕೆಯ ತಮ್ಮನಿಗೆ ಫೋನು ಮಾಡಿದರು, ಅವನು ಬಂದು ಭಾವನಿಗೆ ಆಡಬಾರದ ಮಾತಾಡಿ ಹೋದ.

"ಎಷ್ಟು ವರ್ಷದ ಸಂಸಾರ ಅದ ಬಾಯಾರ, ಈಗ ನನ್ನ ಹೆಂಡತಿ ಮುಂದ ನಾ ಕಳ್ಳ ಆಗೀನಿ" ಎಂದರು ಮಾಸ್ತರರು. ಆಮೇಲೆ ಅವರೇ ಒಂದು ಪದ್ಧತಿ ಮಾಡಿಕೊಂಡರು. ಆಕೆ ಇರುವ ಕೋಣೆಯ ಬಾಗಿಲು ಬಡಿದು, "ಒಳಗ ಬರ್ಲೇನು?" ಎಂದು ಕೇಳುವುದು. ಆಕೆ ಬಾ ಎಂದರೆ ಹೋಗುವುದು. ಎಷ್ಟೋ ಸಲ ಒಳಗಿನಿಂದ, "ನಮ್ಮವರು ಮನ್ಯಾಗ ಇಲ್ರಿ, ಆಮ್ಯಾಲೆ ಬರ್ರಿ" ಎಂದು ಉತ್ತರ ಬರುತ್ತಿತ್ತು. ಮಾಸ್ತರರು ಹೊರಗೆ ಕಟ್ಟೆಯ ಮೇಲೆ ಕೂತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹೋಗಿ ಬಾಗಿಲು ಬಡಿಯುತ್ತಿದ್ದರು. ನನಗೆ ಅದನ್ನು ನಗುತ್ತಲೇ ಹೇಳಿದರು. ಹೇಳುತ್ತ ಹೇಳುತ್ತ ಚಷ್ಮಾ ತೆಗೆದು ಒರೆಸಿಕೊಂಡರು. ಸ್ನಾನಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಟ್ಟೆ. ಅದಕ್ಕಿಂತ ಹೆಚ್ಚು ನನ್ನಿಂದ ಏನೂ ಆಗಲಿಲ್ಲ.

ಇವೆರಡೂ ಒಂದು ತೂಕವಾದರೆ ಮನೋಳಿಯ ಒಂದು ಮನೆಯದೇ ಒಂದು ತೂಕ. ಅದು ಈಗಲೂ ನನ್ನ ಎದೆಯ ಮೇಲೆ ಕೂತಿದೆ. ಆ ಮನೆಯ ಯಜಮಾನರು ತೀರಿಕೊಂಡು ವರ್ಷ ಕಳೆದ ಮೇಲೆ, ಅವರ ಹೆಂಡತಿ ಗಿರಿಜವ್ವನೇ "ಬರೀರಿ ಬಾಯಾರ, ಬ್ಯಾರೇದವರಿಗರ ಗೊತ್ತಾಗಲಿ" ಎಂದಿದ್ದರಿಂದ ಬರೆಯುತ್ತಿದ್ದೇನೆ.

ಚನಬಸಪ್ಪನವರದು ಮನೋಳಿಯಲ್ಲಿ ತಂದೆಯ ಕಾಲದಿಂದ ಬಂದ ಬಟ್ಟೆ ಅಂಗಡಿ. ಇಳಕಲ್ ಸೀರೆ, ಕುಪ್ಪಸದ ಖಣ, ಧೋತರ. ಕಣ್ಣು ಮುಚ್ಚಿ ಬೆರಳಿನಲ್ಲಿ ತಿಕ್ಕಿ ಇದು ಯಾವ ನೂಲು, ಎಷ್ಟು ದಿನ ಬಾಳುತ್ತದೆ ಎಂದು ಹೇಳುವ ಮನುಷ್ಯ. ಮರೆವು ಅಂಗಡಿಯಲ್ಲೇ ಕಾಣಿಸಿತು. ಬಟ್ಟೆಯ ಥಾನು ಬಿಚ್ಚುವರು, ಯಾರಿಗಾಗಿ ಬಿಚ್ಚಿದ್ದು ಎಂದು ಮರೆತು ಗಿರಾಕಿಯ ಮುಖ ನೋಡುವರು. ಮಗ ಈರಣ್ಣ ತಾನು ಗಲ್ಲೆಯ ಮೇಲೆ ಕೂತು ಅಪ್ಪನನ್ನು ಮನೆಯಲ್ಲಿ ಉಳಿಸಿದ. ನಾನು ತಿಂಗಳಿಗೊಮ್ಮೆ ಅವರ ಬಿ.ಪಿ. ನೋಡಲು ಹೋಗುತ್ತಿದ್ದೆ.

ಹೆಂಡತಿ ಗಿರಿಜವ್ವನ ತವರು ಕಿತ್ತೂರು. ಮಾತು ಕಡಿಮೆ, ಬೆನ್ನು ನೆಟ್ಟಗೆ, ಯಾರ ಮುಂದೆಯೂ ಕಣ್ಣೀರು ಹಾಕದ ಹೆಂಗಸು. ಮಧ್ಯಾಹ್ನದ ಊಟವಾದ ಮೇಲೆ ಚನಬಸಪ್ಪನವರು ಪಡಸಾಲೆಯ ಚಾಪೆಯ ಮೇಲೆ ಅಡ್ಡಾಗುತ್ತಿದ್ದರು. ಈಕೆ ಮಗ್ಗುಲಲ್ಲಿ ಕೂಡುತ್ತಿದ್ದಳು. ಅವರು ಆಕೆಯ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತ, ತಿಕ್ಕುತ್ತ ನಿದ್ದೆ ಹೋಗುತ್ತಿದ್ದರು. ನಾನು ನೋಡಿದ್ದು ಗೊತ್ತಾಗಿ ಒಂದು ಸಲ ಗಿರಿಜವ್ವ ಹೊಸ ಸೊಸೆಯ ಹಾಗೆ ನಾಚಿದಳು.

"ಎಲ್ಲಾ ಮರತಾರ ಬಾಯಾರ. ಕೈ ಮಾತ್ರ ನನ್ನ ಮರತಿಲ್ಲ. ನನಗ ಅಷ್ಟ ಇದ್ರ ಸಾಕ."

ಆಕೆ ಕೇಳಿಕೊಂಡಿದ್ದು ನಿಜಕ್ಕೂ ಅಷ್ಟೇ. ಮುಖ ಮರೆತರೂ ಸರಿ, ಸಾಯುವ ತನಕ ಆ ಕೈಗೆ ತಾನು ಹೆಂಡತಿಯಾಗಿ ಇರಬೇಕು.

ಮರೆವು ಬೆಳೆಯಿತು. "ಏನ್ರಿ, ಊಟಕ್ಕ ಬರ್ರಿ" ಎಂದರೆ ಚನಬಸಪ್ಪನವರು ತಿರುಗಿ ನೋಡುವುದು ನಿಂತುಹೋಯಿತು. ಗಂಗಾಳದ ಮುಂದೆ ಕೂಡ್ರಿಸಿದರೆ ರೊಟ್ಟಿ ಕಡೆ ನೋಡುತ್ತ ಕೂಡುವರು. ಮೈ ಇಳಿಯತೊಡಗಿತು. ಸವದತ್ತಿಯಲ್ಲಿ ಶಿಬಿರ ನಡೆದಾಗ ಧಾರವಾಡದಿಂದ ಬಂದ ಡಾಕ್ಟರಿಗೆ ತೋರಿಸಿದೆವು. ತಾಳ್ಮೆಯ ಮನುಷ್ಯ. ಎಲ್ಲ ಕೇಳಿ, "ಹೆಸರು ಹಿಡಿದು ಕರೆಯಿರಿ, ಅಮ್ಮಾ. ಏನ್ರಿ ಅಂದರೆ ಅವರಿಗೆ ಯಾರನ್ನು ಕರೆಯುತ್ತಿದ್ದೀರಿ ಅಂತ ತಿಳಿಯೋದಿಲ್ಲ. ತನ್ನ ಹೆಸರು ಎಲ್ಲಕ್ಕಿಂತ ಕೊನೆಗೆ ಮರೆಯುತ್ತದೆ" ಎಂದರು. ಗಿರಿಜವ್ವ ನೆಲ ನೋಡುತ್ತ ನಿಂತಳು.

ಈಗಿನ ಹುಡುಗಿಯರು ಗಂಡನನ್ನು ಹೆಸರಿನಿಂದ ಕೂಗುವುದನ್ನು ನಾನೂ ಕೇಳುತ್ತೇನೆ. ನಮ್ಮ ವಾರಗೆಯವರಿಗೆ ಅದು ಸಾಧ್ಯವೇ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸುರಿಯರ ಹೆಸರು ಬರೆದುಕೊಳ್ಳುವಾಗ ಗಂಡನ ಹೆಸರೇನು ಎಂದು ಕೇಳಿದರೆ, ಮಗ್ಗುಲಲ್ಲಿದ್ದವಳನ್ನು ತಿವಿದು "ನೀ ಹೇಳ" ಎನ್ನುತ್ತಿದ್ದರು. ಯಾರೂ ಇಲ್ಲದಿದ್ದರೆ ಓಣಿಯಲ್ಲಿ ಹೋಗುವವರನ್ನು ಕರೆದು ಹೇಳಿಸುತ್ತಿದ್ದರು. ಗಿರಿಜವ್ವ ಮದುವೆಯ ದಿನ ಎಲ್ಲರ ಒತ್ತಾಯಕ್ಕೆ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದು ಬಿಟ್ಟರೆ ಮತ್ತೆ ಆ ಹೆಸರು ಆಕೆಯ ಬಾಯಿಂದ ಬಂದಿರಲಿಲ್ಲ. ನಗಬೇಡಿ. ಅದೇ ದಿನ ನಾನು ಮನೆಗೆ ಬಂದು, ಒಬ್ಬಳೇ ಇದ್ದಾಗ, ನಮ್ಮ ಮನೆಯವರ ಹೆಸರನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಕಾಗದದ ಮೇಲೆ ನೂರು ಸಲ ಬರೆದವಳಿಗೆ ನಾಲಿಗೆ ಹೊರಳಲಿಲ್ಲ.

ಮಗ, ಸೊಸೆ ಇಬ್ಬರೂ ಗಿರಿಜವ್ವನಿಗೆ ದುಂಬಾಲು ಬಿದ್ದರು. "ಯವ್ವಾ, ಅಪ್ಪನ ಜೀವಕ್ಕಿಂತ ಅದು ಹೆಚ್ಚೇನ?" ಎಂದ ಈರಣ್ಣ. ನಾನು ಹೋದ ದಿನವೇ ಆಕೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಗಂಗಾಳ ಹಿಡಿದು ಗಂಡನ ಎದುರಿಗೆ ನಿಂತಳು. ತುಟಿ ಅಲುಗಿದವು, ದನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು.

"ಚನಬಸಪ್ಪಾ... ಒಂದ ತುತ್ತ ಉಣ್ರಿ."

ಚನಬಸಪ್ಪನವರು ತಲೆ ಎತ್ತಿದರು. ತಿಂಗಳುಗಟ್ಟಲೆ ಮಂಕಾಗಿದ್ದ ಮುಖ ಅರಳಿತು.

"ಅಕ್ಕಾ, ಯಾವಾಗ ಬಂದಿ? ಒಬ್ಬಾಕಿನ ಬಂದ್ಯಾ?"

ಅಕ್ಕನೆಂದರೆ ಉಗರಗೋಳಕ್ಕೆ ಕೊಟ್ಟಿದ್ದ ಶಿವಕ್ಕ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಊರಿಗೆ ಅವರು ಸಾವುಕಾರರು, ಮನೆಗೆ ಅಪ್ಪ, ಮಾವ, ಅಜ್ಜ, ಹೆಂಡತಿಗೆ ಏನ್ರಿ. ಬರೀ ಹೆಸರು ಹಿಡಿದು ಕರೆದ ಹೆಣ್ಣುದನಿ ಅವರ ಬದುಕಿನಲ್ಲಿ ಅಕ್ಕನದೊಂದೇ. ಡಾಕ್ಟರಿಗೆ ಇದು ಗೊತ್ತಿರುವ ಸಂಗತಿಯಲ್ಲ. ಆ ಮನೆಯಲ್ಲೇ ಹುಟ್ಟಿದ ಮಗನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆ ಹೊತ್ತಿಗೆ ಎಲ್ಲರಿಗೂ ಸಂತೋಷವೇ. ಅವರು ಎರಡು ರೊಟ್ಟಿ ಉಂಡರು, ಮೊಸರು ಕೇಳಿ ಹಾಕಿಸಿಕೊಂಡರು. ಸೊಸೆ ನನ್ನ ಕೈಗೆ ಸಕ್ಕರೆ ಕೊಟ್ಟಳು. ಗಿರಿಜವ್ವನೂ ನಕ್ಕಳು.

ಎರಡು ದಿನ ಬಿಟ್ಟು ಗಿರಿಜವ್ವ ನಮ್ಮ ಉಪಕೇಂದ್ರದ ಬಾಗಿಲಿಗೆ ಬಂದು ನಿಂತಳು. ಮನೆಯಿಂದ ಒಬ್ಬಳೇ ಹೊರಗೆ ಬಂದ ಹೆಂಗಸಲ್ಲ. ಏನೋ ಆಗಿದೆ ಎಂದುಕೊಂಡೆ. ಒಳಗೆ ಕರೆದು ನೀರು ಕೊಟ್ಟೆ.

"ಮಗ್ಗಲದಾಗ ಕುಂತೆ. ಎದ್ದ ದೂರ ಸರದರು. ಅಕ್ಕಾ, ನೆಲದ ಮ್ಯಾಲ ಯಾಕ ಕುಂತಿ, ಮ್ಯಾಲ ಕುಂದ್ರು ಅಂದರು. ಅಂದು..." ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು. "ನನ್ನ ಕಾಲಿಗೆ ಬಿದ್ದರು ಬಾಯಾರ. ಗಂಡ ನನ್ನ ಕಾಲಿಗೆ ಬಿದ್ದ. ಈಗ ಸೆರಗ ಮುಟ್ಟಂಗಿಲ್ಲ, ಕೈ ಮುಟ್ಟಂಗಿಲ್ಲ. ಅಕ್ಕನ್ನ ಹಂಗ ಯಾರರ ಮುಟ್ಟತಾರೇನ? ಹೆಸರ ಹೇಳಿ ನನ್ನ ಸಂಸಾರ ನಾನ ಕಳಕೊಂಡೆ."

ಇದು ರೋಗದ ದಾರಿ, ನೀವು ಹೆಸರು ಹೇಳದಿದ್ದರೂ ಇಂದಲ್ಲ ನಾಳೆ ಹೀಗಾಗುತ್ತಿತ್ತು ಎಂದೆ. ಆಮೇಲೆ ಡಾಕ್ಟರಿಗೆ ಫೋನು ಮಾಡಿದಾಗ ಅವರೂ ಹಾಗೇ ಹೇಳಿದರು. "ಇರಬಹುದು" ಎಂದಳು ಗಿರಿಜವ್ವ. ನಂಬಲಿಲ್ಲ. ನನಗೂ ಇವತ್ತಿನ ತನಕ ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ಆಡಿದ್ದನ್ನು ವಾಪಸ್ ತಗೊಳ್ಳಲು ಆಕೆ ಹಟ ಹಿಡಿದಳು. ಹೆಸರು ಬಿಟ್ಟು ಮತ್ತೆ "ಏನ್ರಿ" ಎಂದಳು. ಚನಬಸಪ್ಪನವರು ಬಾಗಿಲ ಕಡೆ ನೋಡಿ, "ಅಕ್ಕಾ, ಯಾರನ್ನ ಕರಿಯಾಕತ್ತಿ?" ಎಂದರು. ಆಕೆ ಟ್ರಂಕಿನ ತಳದಿಂದ ಒಂದು ಸೀರೆ ತೆಗೆದು ಉಟ್ಟಳು. ಮೊದಲ ಸಲ ಗಂಡ ತಾನೇ ಆರಿಸಿ, ಅಂಗಡಿಯಿಂದ ಬಗಲಲ್ಲಿ ಮುಚ್ಚಿಟ್ಟುಕೊಂಡು ತಂದುಕೊಟ್ಟಿದ್ದ ಸೀರೆಯಂತೆ. ಅದರ ಸೆರಗನ್ನು ತಾನಾಗಿ ಅವರ ಕೈಗೆ ಕೊಟ್ಟಳು. ನಾನು ಅಲ್ಲೇ ಇದ್ದೆ. ಬೆರಳುಗಳು ತಿಕ್ಕಿದವು, ನಿಂತವು, ಮತ್ತೆ ತಿಕ್ಕಿದವು.

"ಚಲೋ ಮಾಲ ಐತಿ ಅಕ್ಕಾ. ಯಾರ ಕೊಡಿಸಿದರು?"

"ನಮ್ಮ ಮನಿಯವರು ಕೊಡಸ್ಯಾರ" ಎಂದಳು ಆಕೆ.

"ಮಾವಗ ಅರಿವಿ ತಿಳೀತೈತಿ" ಎಂದು ಅಕ್ಕನ ಗಂಡನ ಬಟ್ಟೆಯ ಆಯ್ಕೆಗೆ ತಲೆದೂಗಿ, ಸೆರಗನ್ನು ನೀಟಾಗಿ ಮಡಚಿ ಆಕೆಯ ತೊಡೆಯ ಮೇಲಿಟ್ಟು ಕೈ ಹಿಂತೆಗೆದರು.

ಹೆಸರು ಹಿಡಿಯದೆ ಇದ್ದಷ್ಟು ದಿನ ಅವರು ಉಣ್ಣಲಿಲ್ಲ. ಮಗ ತಿನಿಸಿದರೆ ಉಗುಳಿದರು. ಬಿ.ಪಿ. ನೋಡಲು ತೋಳು ಹಿಡಿದರೆ ನನ್ನ ಕೈಗೆ ಎಲುಬು ಹತ್ತುತ್ತಿತ್ತು. ಹೆಂಡತಿಯಾಗಿ ಉಳಿಯಬೇಕೆಂದರೆ ಗಂಡ ಹಸಿದಿರಬೇಕು, ಗಂಡ ಉಣ್ಣಬೇಕೆಂದರೆ ಆಕೆ ಅಕ್ಕನಾಗಬೇಕು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಕೆಟ್ಟ ಇಕ್ಕಟ್ಟನ್ನು ನಾನು ಇನ್ನೊಂದು ಮನೆಯಲ್ಲಿ ನೋಡಲಿಲ್ಲ. ಯಾರನ್ನೂ ಕೇಳದೆ ಗಿರಿಜವ್ವ ಒಂದು ದಿನ ತನ್ನ ಹಾಸಿಗೆಯನ್ನು ದೇವರ ಕೋಣೆಗೆ ಒಯ್ದಳು. ಮರುದಿನದಿಂದ ಕೊನೆಗೆ ಹಚ್ಚುತ್ತಿದ್ದ "ರಿ"ಯನ್ನೂ ಬಿಟ್ಟಳು. "ಚನಬಸಪ್ಪಾ, ಉಣ್ಣ ಬಾ" ಎಂದಳು. ಅವರು ಸಣ್ಣ ಹುಡುಗನ ಹಾಗೆ ಎದ್ದು ಬಂದರು.

ಸೊಸೆ ನನ್ನನ್ನು ಹಿತ್ತಲಿಗೆ ಕರೆದು, "ಅತ್ತಿ ಮಾವಗ ಏಕವಚನದಾಗ ಮಾತಾಡಾಕತ್ತಾರ, ಮಂದಿ ಕೇಳಿದ್ರ ಏನಂದಾರು?" ಎಂದಳು. ಮಂದಿಗೆ ಬೇರೆ ಕೆಲಸ ಹಚ್ಚು ಎಂದು ಗದರಿದೆ. ಬಂದ ಬೀಗರೆಲ್ಲ ಗಿರಿಜವ್ವನನ್ನು ಹೊಗಳಿದ್ದೇ ಹೊಗಳಿದ್ದು. ಎಷ್ಟು ಚೆಂದ ಉಣ್ಣಿಸುತ್ತಾಳೆ, ಎಷ್ಟು ಸಮಾಧಾನದ ಹೆಂಗಸು ಎಂದು. ಹೊಗಳಿಕೆ ಕೇಳುತ್ತ ಆಕೆ ಕಂಬಕ್ಕೆ ಒರಗಿ ಕೂಡುತ್ತಿದ್ದಳು. ಗಂಡ ಎದುರಿಗೆ ಬದುಕಿರುವಾಗಲೇ ಆಕೆ ಗಂಡನನ್ನು ಕಳೆದುಕೊಂಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅದಕ್ಕೆ ಹಣೆಯ ಕುಂಕುಮ ಅಳಿಸುವುದಿಲ್ಲ, ಯಾರೂ ಬಂದು ಕೂತು ಮಾತಾಡಿಸುವುದೂ ಇಲ್ಲ.

ಹೀಗೇ ಬಹಳ ತಿಂಗಳು ಕಳೆದವು. ಒಂದು ಮಧ್ಯಾಹ್ನ ನಾನು ಹೋದಾಗ ಗಿರಿಜವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು. ಚನಬಸಪ್ಪನವರು ಇದ್ದಕ್ಕಿದ್ದಂತೆ ಕೇಳಿದರು.

"ಅಕ್ಕಾ, ಗಿರಿಜಾ ಇನ್ನೂ ಬರಲಿಲ್ಲಲ್ಲ?"

ಗಿರಿಜವ್ವನ ಕೈ ನಿಂತಿತು. ಗಂಡನೂ ಆಕೆಯನ್ನು ಹೆಸರಿನಿಂದ ಕರೆದವರಲ್ಲ. "ಕೇಳಿಲ್ಲಿ" ಎನ್ನುತ್ತಿದ್ದರು, ಅಷ್ಟೇ. ತನ್ನ ಹೆಸರನ್ನು ಆಕೆ ಗಂಡನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಎಲ್ಲಿ ಹೋಗ್ಯಾಳ?" ಎಂದಳು ಮೆಲ್ಲಗೆ.

"ಕಿತ್ತೂರಾಗ, ತವರಾಗ ಅದಾಳ. ಕೂಸು ಹೋತಲ್ಲ ಅಕ್ಕಾ. ಗಂಡಸಮಗ. ನಾನ ಎತಗೊಂಡ ಹೋಗಿ ಮಣ್ಣ ಕೊಟ್ಟ ಬಂದೆ. ಅಕಿ ಒಳಗ ಬಾಣಂತಿ ಕ್ವಾಣ್ಯಾಗ ಇದ್ದಳು. ನನಗ ಒಳಗ ಹೋಗಾಕ ಆಗಲಿಲ್ಲ. ಮಾರಿ ಹೆಂಗ ನೋಡ್ಲಿ? ಬಸ್ಸ ಹತ್ತಿ ಬಂದಬಿಟ್ಟೆ. ಅಂಗಡಿ ತಗದ ಕುಂತೆ. ಥಾನ ಬಿಚ್ಚಿದೆ, ಸುತ್ತಿದೆ, ಬಿಚ್ಚಿದೆ, ಸುತ್ತಿದೆ. ಇಡೀ ದಿನ ಅದನ್ನ ಮಾಡಿದೆ ಅಕ್ಕಾ. ಅಕಿ ನನ್ನ ಏನ ತಿಳಕೊಂಡಾಳೋ ಏನೋ. ನೀ ಹೇಳ ಅಕಿಗೆ. ನನಗ ಹೇಳಾಕ ಬರಂಗಿಲ್ಲ."

"ಹೇಳತೇನಿ" ಎಂದಳು ಗಿರಿಜವ್ವ. ಉಳಿದ ತುತ್ತುಗಳನ್ನು ತಿನಿಸಿ, ಬಾಯಿ ಒರೆಸಿ, ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ಕೂತು ಆಕೆ ಹೇಳಿದ ಮಾತು ಇದು: ಅದು ಚೊಚ್ಚಲ ಕೂಸು. ಮಣ್ಣು ಮಾಡಿ ಬಂದ ಗಂಡ ಹೊರಗೆ ಕಟ್ಟೆಯ ಮೇಲೆ ಕೂತು ಕೆಮ್ಮುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಬಾಣಂತಿಯ ಕೋಣೆಗೆ ಗಂಡಸರು ಬರುವ ಪದ್ಧತಿ ಇರಲಿಲ್ಲ, ಆದರೂ ಬರುತ್ತಾರೆ ಎಂದು ಕಾದಳು. ಬಸ್ಸಿಗೆ ಹೊತ್ತಾಯಿತು ಎಂದು ಯಾರೋ ಅಂದರು. ಚಪ್ಪಲಿಯ ಸಪ್ಪಳ ದೂರವಾಯಿತು. ಆಮೇಲೆ ಮೂರು ಮಕ್ಕಳಾದವು, ಮದುವೆ ಮುಂಜಿ ಎಲ್ಲ ಆದವು. ಆ ದಿನದ ಮಾತನ್ನು ಅವರು ಎತ್ತಲಿಲ್ಲ, ಈಕೆ ಕೇಳಲಿಲ್ಲ.

"ಕಲ್ಲಿನಂಥಾ ಮನಿಶಾ ಅಂತ ತಿಳಕೊಂಡ ಬಾಳೇ ಮಾಡಿದೆ ಬಾಯಾರ. ಸೇವಾ ಎಲ್ಲಾ ಮಾಡಿದೆ. ಆದರ ಒಳಗಿನ ಒಂದ ಬಾಗಲಾ ಮುಚ್ಚಿಕೊಂಡ ಮಾಡಿದೆ. ಇದನ್ನ ಅಂದ ಹೇಳಿದ್ದರ..." ಎಂದು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

ಹೆಂಡತಿಗೆ ಹೇಳಲಾರದ್ದನ್ನು ಅಕ್ಕನಿಗೆ ಹೇಳಿದರು. ಹೆಂಡತಿಯಾಗಿಯೇ ಉಳಿದಿದ್ದರೆ ಆ ಮಾತು ಆಕೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದನ್ನು ಯೋಚಿಸಿದರೆ ನನಗೆ ಈಗಲೂ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತದೆ.

ಅವರ ತಲೆಯಲ್ಲಿ ಬೇರೆ ಯಾವುದೂ ನಿಲ್ಲುತ್ತಿರಲಿಲ್ಲ, ಇದೊಂದು ನಿಂತಿತು. ದಿನಾಲೂ ಊಟಕ್ಕೆ ಕೂತಾಗ, "ಗಿರಿಜಾಗ ಹೇಳಿದೇನ? ಏನಂದಳು?" ಎಂದು ಕೇಳತೊಡಗಿದರು. ಗಿರಿಜವ್ವ ಅವರನ್ನು ಸಮಾಧಾನ ಮಾಡಲು "ಹೇಳಿದೆ. ಅಕಿಗೇನ ಸಿಟ್ಟ ಇಲ್ಲಂತ" ಎನ್ನುತ್ತಿದ್ದಳು. ಅವರು ತಲೆ ಅಲ್ಲಾಡಿಸಿ, "ನೀ ಹೇಳಿಲ್ಲ. ಅಕಿ ಹಂಗ ಅನ್ನಾಕಿ ಅಲ್ಲ" ಎಂದು ಗಂಗಾಳ ಸರಿಸುತ್ತಿದ್ದರು. ಹೊಸದಾಗಿ ಮತ್ತೆ ಊಟ ಬಿಟ್ಟರು. ಈರಣ್ಣ ನನ್ನನ್ನು ಕರೆಸಿದ. ಏನು ಗುಳಿಗೆ ಕೊಡಲಿ ಅದಕ್ಕೆ? ಸುಮ್ಮನೆ ಹೋಗಿ ಪಡಸಾಲೆಯಲ್ಲಿ ಕೂತೆ.

"ಏನಂದಳು?" ಎಂದರು ಅವರು ಅಂದೂ.

ಗಿರಿಜವ್ವ ತುತ್ತನ್ನು ಗಂಗಾಳದಲ್ಲಿಟ್ಟಳು. ಆಮೇಲೆ ನಾನು ಎಂದೂ ಕೇಳದ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಕಿ ಅಂದಳು, ನನ್ನ ಮಗನ್ನ ಮಣ್ಣಾಗಿಟ್ಟ ನನ್ನ ಮಾರಿನೂ ನೋಡದ ಹ್ವಾದರಿ. ನಾ ಗೋಡಿಗೆ ಕಿವಿ ಹಚ್ಚಿ ಕುಂತಿದ್ದೆ. ಒಳಗ ಬಂದ ಒಂದ ಮಾತ ಆಡಬ್ಯಾಡಾಗಿತ್ತು, ಸುಮ್ಮ ಕುಂತಿದ್ದರ ಸಾಕಾಗಿತ್ತು. ಸಾಯೂತನಕ ಇದನ್ನ ಮರಿಯಂಗಿಲ್ಲ ಅಂದಳು."

ಚನಬಸಪ್ಪನವರು ಕೇಳಿದರು. ಕಣ್ಣು ಮುಚ್ಚಿ, ನಿಧಾನವಾಗಿ ತಲೆದೂಗಿದರು. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಭುಜ ಕೆಳಗಿಳಿದವು.

"ಹೂಂ. ಈಗ ಖರೇ ಹೇಳಿದಿ. ಇದು ಗಿರಿಜಾನ ಮಾತ."

ತಾವೇ ಕೈ ಚಾಚಿ ಗಂಗಾಳದಲ್ಲಿದ್ದ ತುತ್ತನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಎದುರಿಗೆ ನೋಡಿದರು. ಗಿರಿಜವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಮೈಯೆಲ್ಲ ಅಲುಗುತ್ತಿತ್ತು. ಅವರು ಕೈ ತುಸು ಮುಂದೆ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ನೀ ಯಾಕ ಅಳಾಕತ್ತಿ ಅಕ್ಕಾ?" ಎಂದರು. "ಅಕಿ ಅಂದಿದ್ದು ನನಗ."